ಶಾಂತಿ ಸಭೆಯಲ್ಲಿ ಇನ್ನೊಂದು ವಿಷಯ: ಮೈಸೂರು ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ನಾಲ್ಕೂ ದಾರಿಯ ಮೇಲಿನ ಊರುಗಳು. ಮೊದಲೆರಡು ಮಡಿಕೇರಿ ಹೆದ್ದಾರಿಯಲ್ಲಿವೆ, ಕೋಟೆಯ ರಸ್ತೆ ಕೇರಳದ ಮಾನಂದವಾಡಿಗೆ ಹೋಗುತ್ತದೆ, ಕೆ.ಆರ್. ನಗರಕ್ಕೆ ಹಾಸನದ ಕಡೆಯ ರೈಲು ಬರುತ್ತದೆ. ಮನಸ್ಸಿನ ಕಾಯಿಲೆಯಿಂದ ಮನೆ ಬಿಟ್ಟು, ತನ್ನ ಊರು ಹೆಸರು ಹೇಳಲಾಗದೆ ಬಸ್ ನಿಲ್ದಾಣದ ಮೂಲೆಯಲ್ಲೋ ಸಂತೆಮಾಳದಲ್ಲೋ ಕುಳಿತಿರುವ ಮನುಷ್ಯ ಇಂಥ ಊರುಗಳಿಗೆ ಹೊಸಬನಲ್ಲ. ಜನ ಅನ್ನ ಕೊಡುತ್ತಾರೆ, ಹಳೆಯ ಕಂಬಳಿ ಹೊದಿಸುತ್ತಾರೆ. ಅದರಾಚೆಗೆ ಏನು ಮಾಡಬೇಕೆಂದು ಹೇಳುವ ಕಾನೂನು ಇದೆ. ಅದನ್ನು ನಡೆಸಬೇಕಾದ ಕೈಗಳು ಮಾತ್ರ ತಾಲ್ಲೂಕು ಮಟ್ಟದಲ್ಲಿ ಒಂದೆಡೆ ಸೇರುವುದಿಲ್ಲ. ಗಣೇಶನ ಹಬ್ಬಕ್ಕೂ ಬಕ್ರೀದಿಗೂ ಮುನ್ನ ನಿಮ್ಮ ಆಡಳಿತ ಕರೆಯುವ ಶಾಂತಿ ಸಭೆಯಲ್ಲಿ ಇದನ್ನೂ ಒಂದು ವಿಷಯವಾಗಿ ಸೇರಿಸಿ, ಅಲ್ಲಿಗೆ ಬರುವ ಚರ್ಚು, ಮಸೀದಿ, ಮಠ, ದೇವಸ್ಥಾನಗಳವರಿಗೆ ಬರವಣಿಗೆಯಲ್ಲಿ ಹೊಣೆ ವಹಿಸಿ ಎಂದು ಕೇಳುವುದೇ ಈ ಪತ್ರದ ಉದ್ದೇಶ.

2017ರ ಮಾನಸಿಕ ಆರೋಗ್ಯ ಕಾಯ್ದೆಯ 100ನೇ ಕಲಂ ಸ್ಪಷ್ಟವಾಗಿದೆ. ತನ್ನನ್ನು ತಾನು ನೋಡಿಕೊಳ್ಳಲಾಗದೆ ಅಲೆಯುತ್ತಿರುವ ಮನೋರೋಗಿಯನ್ನು ಠಾಣಾಧಿಕಾರಿ ರಕ್ಷಣೆಗೆ ತೆಗೆದುಕೊಳ್ಳಬೇಕು, 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು, ಲಾಕಪ್ಪಿನಲ್ಲಿ ಇಡಕೂಡದು, ಮನೆಯವರನ್ನು ಪತ್ತೆ ಹಚ್ಚಬೇಕು. ದಾಖಲಾಗುವ ಅಗತ್ಯವಿಲ್ಲವೆಂದು ವೈದ್ಯರು ಹೇಳಿದರೆ, ಮನೆಯಿಲ್ಲದವರನ್ನು ಸರ್ಕಾರದ ನಿರಾಶ್ರಿತರ ತಾಣಕ್ಕೆ ಸೇರಿಸಬೇಕು. ತೊಡಕು ಶುರುವಾಗುವುದು ಇಲ್ಲಿಯೇ. ನಗರ ನಿರಾಶ್ರಿತರ ವಸತಿ ಯೋಜನೆಯ ಲೆಕ್ಕ ಒಂದು ಲಕ್ಷ ಜನಸಂಖ್ಯೆಗೆ ನೂರು ಜನರ ಆಶ್ರಯತಾಣ. 2011ರ ಜನಗಣತಿಯಲ್ಲಿ ಈ ನಾಲ್ಕರಲ್ಲಿ ದೊಡ್ಡದಾದ ಹುಣಸೂರೇ ಸುಮಾರು 50 ಸಾವಿರದ ಊರು. ಲಕ್ಷದ ಲೆಕ್ಕದಲ್ಲಿ ಸಣ್ಣ ಪಟ್ಟಣಗಳು ಜಾರಿಹೋಗುತ್ತವೆ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ 10.6ರಷ್ಟು ಜನಕ್ಕೆ ಒಂದಲ್ಲ ಒಂದು ಮಾನಸಿಕ ತೊಂದರೆ ಇದೆ, ಅವರಲ್ಲಿ ಬಹುಪಾಲು ಜನಕ್ಕೆ ಚಿಕಿತ್ಸೆ ಸಿಕ್ಕಿಲ್ಲ. ಮನೆಯಿದ್ದವರ ಗತಿಯೇ ಹೀಗಿರುವಾಗ ಬೀದಿಯಲ್ಲಿರುವವರ ಗತಿಯನ್ನು ಬೇರೆ ಹೇಳಬೇಕಿಲ್ಲ.

ಕಾನೂನಿಗೂ ಬೀದಿಯಲ್ಲಿರುವವರಿಗೂ ನಡುವೆ ಕಳಚಿದ ಈ ಕೊಂಡಿಯನ್ನು ಧಾರ್ಮಿಕ ಸಮುದಾಯಗಳೇ ಯಾಕೆ ಬೆಸೆಯಬೇಕು ಎಂಬುದಕ್ಕೆ ಕೆ.ಆರ್. ನಗರ ತಾಲ್ಲೂಕಿನ ಡೋರ್ನಹಳ್ಳಿಯನ್ನು ನೋಡಬೇಕು. ಅಲ್ಲಿನ ಸಂತ ಅಂತೋಣಿಯವರ ಬೆಸಿಲಿಕಾಕ್ಕೆ ಜೂನ್ 13ರ ಹಬ್ಬಕ್ಕೆ ಬರುವವರಲ್ಲಿ ಎಲ್ಲ ಮತದವರೂ ಇದ್ದಾರೆ. ಕಳೆದುಹೋದದ್ದನ್ನು ಹುಡುಕಿಕೊಡುವ ಸಂತನೆಂದು ಕಥೋಲಿಕರು ಅಂತೋಣಿಯವರನ್ನು ನಂಬುತ್ತಾರೆ, ಮಂಗಳವಾರ ಅವರಿಗೆ ಮೀಸಲು. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರಲು ಗೊತ್ತುಮಾಡಿದ ದಿನವೂ ಮಂಗಳವಾರವೇ. ಹರಕೆಗೆ ಬಂದ ಕುಟುಂಬವೊಂದು ಮಾತು ಕಳೆದುಕೊಂಡ ಮಗನನ್ನು ಜತೆಗೆ ಕರೆತಂದಿದ್ದರೆ, ಪೂಜೆ ಮುಗಿದ ಮೇಲೆ ಅದೇ ದಿನ ಆಸ್ಪತ್ರೆಗೆ ಜತೆಯಾಗಿ ಹೋಗಲು ಇಬ್ಬರು ಸ್ವಯಂಸೇವಕರಿದ್ದರೆ ಸಾಕು. ಅದಕ್ಕೆ ಹೊಸ ಕಟ್ಟಡ ಬೇಡ. ಚರ್ಚುಗಳ ಧರ್ಮಕೇಂದ್ರಗಳಲ್ಲಿ ಮನೆಭೇಟಿ ಹಳೆಯ ರೂಢಿ. ಭಾನುವಾರ ಯಾರು ಬರಲಿಲ್ಲವೆಂದು ಗಮನಿಸುವ, ಹೋಗಿ ವಿಚಾರಿಸುವ ಈ ಅಭ್ಯಾಸವೇ ಮಾತ್ರೆ ತಪ್ಪಿಸಿದವರನ್ನು ವಿಚಾರಿಸಲೂ ಒದಗುತ್ತದೆ. ಇನ್ನು ಭಾಷೆ. ಅಲೆಯುವವರ ಪತ್ತೆ ನಿಲ್ಲುವುದು ಅನೇಕ ಸಲ ಅವರ ಮಾತು ಯಾರಿಗೂ ತಿಳಿಯದ ಕಾರಣಕ್ಕೆ. ಕೇರಳ ಮೂಲದ ಸಿಸ್ಟರುಗಳಿಗೆ ಮಲಯಾಳಂ ಬರುತ್ತದೆ, ಮಸೀದಿಯ ಹಿರಿಯರಿಗೆ ಉರ್ದು ಹಿಂದಿ ಬರುತ್ತವೆ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯ ಬೌದ್ಧ ವಿಹಾರಗಳಲ್ಲಿ ಹಿಮಾಲಯದ ತಪ್ಪಲಿನ ಊರುಗಳಿಂದ ಬಂದ ಭಿಕ್ಷುಗಳಿದ್ದಾರೆ. ಠಾಣೆಯ ಒಬ್ಬ ಪೇದೆಗೆ ಸಿಗದ ವಿಳಾಸ ಇವರಲ್ಲೊಬ್ಬರಿಗೆ ಸಿಕ್ಕೀತು. ಹೆಣ್ಣುಮಗಳಾದರೆ ರಾತ್ರಿ ಕಳೆಯಲು ಹೆಂಗಸರೇ ಇರುವ ಜಾಗ ಬೇಕು. ಅಂಥ ಮನೆಗಳು ಕಾನ್ವೆಂಟುಗಳಲ್ಲಿವೆ.

ಧರ್ಮದ ಮನೆಗಳೇ ರೋಗಿಗಳನ್ನು ವೈದ್ಯರಿಂದ ದೂರ ಇಟ್ಟಿವೆ ಎಂಬ ಆಕ್ಷೇಪ ಬಹಳ ಗಂಭೀರವಾದದ್ದು. ತಮಿಳುನಾಡಿನ ಏರ್ವಾಡಿ ದರ್ಗಾದ ಊರಿನಲ್ಲಿ 2001ರ ಆಗಸ್ಟ್ 6ರಂದು ಖಾಸಗಿ ಆಶ್ರಯವೊಂದಕ್ಕೆ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ 28 ಮನೋರೋಗಿಗಳು ಓಡಲಾಗದೆ ಸತ್ತರು. ಅದನ್ನು ಮರೆತು ಈ ಮಾತು ಆಡುವುದು ಸಲ್ಲದು. ಆದರೆ ಅಲ್ಲಿ ಕೊಂದದ್ದು ಸರಪಳಿ, ಮತ್ತು ಯಾರೂ ತಪಾಸಣೆ ಮಾಡದ ಬಾಗಿಲು. ಅದೇ ತಮಿಳುನಾಡಿನ ಮುತ್ತುಸ್ವಾಮಿ ದೇವಸ್ಥಾನದಲ್ಲಿ ಸರಾಸರಿ ಆರು ವಾರ ತಂಗಿದ್ದ 31 ಜನರನ್ನು ನಿಮ್ಹಾನ್ಸಿನ ಆರ್. ರಘುರಾಮ್ ಮತ್ತು ಸಂಗಡಿಗರು ಅಧ್ಯಯನ ಮಾಡಿ 2002ರಲ್ಲಿ ಪ್ರಕಟಿಸಿದರು. ರೋಗಲಕ್ಷಣಗಳ ಅಳತೆ ಸುಮಾರು ಶೇ 20 ಇಳಿದಿತ್ತು. ಅಲ್ಲಿ ಮಂತ್ರವಾದವಿರಲಿಲ್ಲ, ಕಟ್ಟಿಹಾಕದ, ಹೀಯಾಳಿಸದ, ಚಿಕ್ಕಪುಟ್ಟ ಕೆಲಸ ಕೊಡುವ ನೆಲೆಯಿತ್ತು. ಸಣ್ಣ ಅಧ್ಯಯನ, ಅದರಿಂದ ಔಷಧ ಬೇಡವೆಂದು ಹೇಳಲಾಗದು. ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ ದವಾ–ದುವಾ (ಔಷಧ–ಪ್ರಾರ್ಥನೆ) ಹೆಸರಿನಲ್ಲಿ ಮುಜಾವರರೂ ಮನೋವೈದ್ಯರೂ ಒಂದೇ ಆವರಣದಲ್ಲಿ ಕೆಲಸ ಮಾಡಿ ಆ ಎರಡನ್ನೂ ಕೂಡಿಸಿ ತೋರಿಸಿದರು. ನಮ್ಮಲ್ಲಿ ಬೇಕಾದದ್ದು ಇದೇ. ಸರಪಳಿಯನ್ನು ಕಾಯ್ದೆಯ 95ನೇ ಕಲಂ ನಿಷೇಧಿಸಿದೆ, ಮನೋರೋಗಿಗಳನ್ನು ಇರಿಸಿ ಚಿಕಿತ್ಸೆ ಕೊಡುವ ಯಾವುದೇ ಮನೆಗೆ ನೋಂದಣಿ ಕಡ್ಡಾಯ. ಈ ಎರಡು ಮಾತನ್ನು ಒಪ್ಪದವರಿಗೆ ಹೊಣೆ ಕೊಡಬೇಡಿ.

ಸೇವೆಯ ಹೆಸರಿನಲ್ಲಿ ಮತಾಂತರ ನಡೆದೀತು ಎಂಬ ಅನುಮಾನ ಚರ್ಚುಗಳ ಮೇಲೆ ಬರುತ್ತದೆ. ಅದನ್ನು ಸಿಟ್ಟಿನಿಂದ ತಳ್ಳಿಹಾಕುವುದಕ್ಕಿಂತ ವ್ಯವಸ್ಥೆಯಿಂದ ಉತ್ತರಿಸುವುದು ಒಳ್ಳೆಯದು. ಪ್ರಾರ್ಥನೆ ಯಾವ ನೆರವಿಗೂ ಷರತ್ತಾಗಬಾರದು. ಬಂದವರ ದಾಖಲೆಗೆ ಬೇರೆ ಬೇರೆ ಮತದ ಇಬ್ಬರು ಸಹಿ ಹಾಕಲಿ, ತಹಶೀಲ್ದಾರರು ತಿಂಗಳಿಗೊಮ್ಮೆ ನೋಡಲಿ. 2017ರಲ್ಲಿ ಹನುಮಜಯಂತಿ ಮೆರವಣಿಗೆಯ ವಿಚಾರಕ್ಕೆ ಬಿಗುವು ಕಂಡ ಹುಣಸೂರಿನಲ್ಲಿ, ಜಗಳದ ಮುನ್ನಾದಿನ ಮಾತ್ರ ಎದುರಾಗುವ ಮುಖಂಡರು ಇಂಥದೊಂದು ಕೆಲಸಕ್ಕೆ ತಿಂಗಳಿಗೊಮ್ಮೆ ಕೂತರೆ ಶಾಂತಿ ಸಭೆಗೂ ಬಲ ಬರುತ್ತದೆ.

ಸರ್ಕಾರ ಮಾಡಬೇಕಾದದ್ದನ್ನು ಭಕ್ತರ ಹೆಗಲಿಗೆ ಹಾಕುವುದೇ ಎಂದು ಕೇಳುವವರೂ ಇದ್ದಾರೆ. ಇಲ್ಲ, ಹಣ ಸರ್ಕಾರದ್ದೇ ಆಗಬೇಕು. ನಾಗರಿಕರು ಆಸ್ತಿ ತೆರಿಗೆಯ ಜತೆ ಶೇ 3ರಷ್ಟು ಭಿಕ್ಷುಕರ ಉಪಕರ ಕಟ್ಟುತ್ತಲೇ ಇದ್ದಾರೆ. ಈ ನಾಲ್ಕು ಪಟ್ಟಣಗಳಿಂದ ಹೋದ ಉಪಕರದಲ್ಲಿ ಒಂದು ಪಾಲು ಆಂಬುಲೆನ್ಸ್, ಔಷಧ, ಊರಿಗೆ ಮರಳಿಸುವ ಪ್ರಯಾಣದ ಖರ್ಚಿಗೆ ವಾಪಸು ಬರುವಂತೆ ಸರ್ಕಾರಕ್ಕೆ ನೀವು ಬರೆಯಬಹುದು. ಎಚ್.ಡಿ. ಕೋಟೆ ತಾಲ್ಲೂಕಿನ ಹೊಮ್ಮರಗಳ್ಳಿಯ ಚಿತ್ತಧಾಮ ಬೀದಿಪಾಲಾದ ಮನೋರೋಗಿಗಳಿಗೆ ಆಶ್ರಯ, ಚಿಕಿತ್ಸೆ ಕೊಡುತ್ತಿರುವ ಸಂಸ್ಥೆ. ಅನುಭವ ಜಿಲ್ಲೆಯೊಳಗೇ ಇದೆ, ಸ್ವಯಂಸೇವಕರ ತರಬೇತಿಗೆ ಅವರನ್ನೇ ಕೇಳಬಹುದು. ರಾತ್ರಿ ಹೊತ್ತು ಸಲಹೆಗೆ ಟೆಲಿ ಮಾನಸ್‌ನ 14416 ಇದೆ. ಆ ಸಂಖ್ಯೆ ಪ್ರತಿ ಚರ್ಚು, ಮಸೀದಿ, ಗುಡಿಯ ಬಾಗಿಲಲ್ಲಿ ಕನ್ನಡದಲ್ಲಿ ಕಾಣಲಿ. ಮೊದಲ ಸಭೆ ಕೆ.ಆರ್. ನಗರದಲ್ಲಿ ಆಗಲಿ. ಡೋರ್ನಹಳ್ಳಿಯ ಗುರುಗಳು, ಜಾಮಿಯಾ ಮಸೀದಿಯ ಅಧ್ಯಕ್ಷರು, ದೇವಸ್ಥಾನ ಸಮಿತಿಯವರು, ಠಾಣಾಧಿಕಾರಿ, ತಾಲ್ಲೂಕು ಆಸ್ಪತ್ರೆಯ ಆಡಳಿತ ವೈದ್ಯಾಧಿಕಾರಿ ಎಲ್ಲರಿಗೂ ನಿಮ್ಮ ಸಹಿಯ ಒಂದೇ ಆಹ್ವಾನ ಹೋಗಲಿ, ಆ ಸಭೆಯ ನಡಾವಳಿಯನ್ನು ಪ್ರಕಟಿಸಿ.

ಇಂತಿ ವಿಶ್ವಾಸದಿಂದ,
ಮೈಸೂರು ಜಿಲ್ಲೆಯ ಒಬ್ಬ ನಾಗರಿಕ