ಶಾರ್ಕ್ ಕೊಂದರೆ ದಾಳಿ ನಿಲ್ಲುತ್ತಾ? ಹವಾಯಿ ಲೆಕ್ಕವೇ ಬೇರೆ

ಹವಾಯಿಯಲ್ಲಿ ಶಾರ್ಕ್ (ಕರಾವಳಿಯವರ ಬಾಯಲ್ಲಿ ತಾಟೆ) ದಾಳಿಯಾದಾಗ ಏಳೋ ಕೂಗು ಒಂದೇ: ಹಿಡಿದು ಕೊಲ್ಲಿ. ಕೊಂದೂ ನೋಡಿದ್ದಾಗಿದೆ. 1958ರಲ್ಲಿ ಹುಡುಗನೊಬ್ಬ ಬಲಿಯಾದ ಮೇಲೆ ಶುರುವಾದ ಬೇಟೆ 1976ರವರೆಗೆ ಆಗಾಗ ನಡೆದು 4,668 ಶಾರ್ಕ್ ಸತ್ತವು. ದಾಳಿ ಮಾತ್ರ ಕಮ್ಮಿಯಾದ ಲಕ್ಷಣ ಕಾಣಲಿಲ್ಲ.

ಯಾಕೆ ಅನ್ನೋದಕ್ಕೆ ಸುಳಿವು ಸಿಕ್ಕಿದ್ದು ಆಮೇಲೆ. ಹವಾಯಿ ವಿಶ್ವವಿದ್ಯಾಲಯದ ಸಂಶೋಧಕರು ಹುಲಿ ಶಾರ್ಕ್‌ಗಳ ಹೊಟ್ಟೆಯೊಳಗೆ ಶಬ್ದ ಹೊರಡಿಸುವ ಪುಟ್ಟ ಟ್ಯಾಗ್ ಇಟ್ಟು, ಅದನ್ನು ಕೇಳಿಸಿಕೊಳ್ಳುವ ಯಂತ್ರಗಳನ್ನು ಸಮುದ್ರದೊಳಗೆ ನಿಲ್ಲಿಸಿದರು. ಶಾರ್ಕ್ ಹತ್ತಿರ ಹಾದರೆ ದಿನ, ಹೊತ್ತು ಸಮೇತ ದಾಖಲು. ನೋಡಿದರೆ ಇವು ದ್ವೀಪದಿಂದ ದ್ವೀಪಕ್ಕೆ ನೂರಾರು ಕಿಲೋಮೀಟರ್ ಅಲೆಯುತ್ತವೆ. ಇವತ್ತು ಕಚ್ಚಿದ್ದು ನಾಳೆ ಅಲ್ಲೇ ಇರುತ್ತೆ ಅನ್ನೋ ಗ್ಯಾರಂಟಿ ಇಲ್ಲ, ಗಾಳಕ್ಕೆ ಸಿಗೋದು ಬೇರೆಯದೇ ಇರಬಹುದು. ಹಾಗಂತ ಸುಮ್ಮನೆ ಸುತ್ತೋದೂ ಅಲ್ಲ. ಬೇಸಿಗೆಯಲ್ಲಿ ಆಲ್ಬಟ್ರಾಸ್ ಮರಿಗಳು ಹಾರಲು ಕಲಿಯುತ್ತಾ ನೀರಿಗೆ ಬೀಳೋ ಹೊತ್ತಿಗೆ ಸರಿಯಾಗಿ ಫ್ರೆಂಚ್ ಫ್ರಿಗೇಟ್ ಶೋಲ್ಸ್ ಎಂಬಲ್ಲಿ ಕೆಲವು ಹಾಜರು!

ಅದೇ ನೀರಿನ ಉಲುವಾ ಮೀನು ಹಾಗಲ್ಲ. ತನ್ನ ಹವಳದ ದಿಬ್ಬದ ಸುತ್ತಲೇ ಇರುತ್ತೆ, ಬೇಸಿಗೆ ಹುಣ್ಣಿಮೆ ಸುಮಾರಿಗೆ ಮೊಟ್ಟೆ ಇಡಲು ಒಂದೆಡೆ ಸೇರುತ್ತೆ. ಅಷ್ಟು ಜಾಗದಲ್ಲಿ ಮೀನುಗಾರಿಕೆ ಬಂದ್ ಮಾಡಿದರೆ ಅದಕ್ಕೆ ಆಸರೆ. ಶಾರ್ಕ್‌ಗೆ ಆ ಬೇಲಿ ಸಾಲೋದಿಲ್ಲ.