ನೀರು ಇಳಿದಾಗ ಕಾಣುವ ಊರು

ಬೇಸಿಗೆಯ ರಜೆಗೆ ಎಲ್ಲಿಗೆ ಹೋಗುವುದೆಂಬ ಮಾತು ಬಂದೊಡನೆ ಊಟಿ, ಯೇರ್ಕಾಡು, ಮೈಸೂರುಗಳ ಹೆಸರು ಕೇಳಿಬರುತ್ತವೆ. ಸೇಲಂ ಜಿಲ್ಲೆಯ ಕೊಳತ್ತೂರನ್ನು ನೆನೆಯುವವರು ವಿರಳ. ಮೆಟ್ಟೂರಿನಿಂದ ಮಾದಪ್ಪನ ಬೆಟ್ಟಕ್ಕೆ ಹೋಗುವ ಭಕ್ತರು ದಾರಿಯಲ್ಲಿ ಅಲ್ಲೊಂದು ಲೋಟ ಚಹಾ ಕುಡಿದು ಮುಂದೆ ಸಾಗುತ್ತಾರೆ. ಆದರೆ ಕನ್ನಡ ಶಾಲೆಯ ಮಕ್ಕಳಿರುವ ಕುಟುಂಬಗಳು ಎರಡು ದಿನ ನಿಂತು ನೋಡತಕ್ಕ ಊರು ಅದು.

ಮೊದಲ ದಿನ ಮೆಟ್ಟೂರು ಅಣೆಕಟ್ಟಿಗೆ ಮೀಸಲಾಗಿರಲಿ. ಕನ್ನಂಬಾಡಿಯ ಕಟ್ಟೆಯನ್ನು ಪಾಠದಲ್ಲಿ ಓದಿದ ಮಕ್ಕಳಿಗೆ ಅದೇ ಕಾವೇರಿಯ ಮುಂದಿನ ನಿಲ್ದಾಣವನ್ನು ತೋರಿಸಬಹುದು. ಮೈಸೂರು ಮತ್ತು ಮದರಾಸು ಸರಕಾರಗಳ 1924ರ ಒಪ್ಪಂದದ ತರುವಾಯ, 1925ರಲ್ಲಿ ಆರಂಭವಾದ ಕೆಲಸ 1934ರಲ್ಲಿ ಮುಗಿಯಿತು. ಅಂದಿನ ಗವರ್ನರ್ ಸ್ಟ್ಯಾನ್ಲಿಯ ಹೆಸರನ್ನು ಜಲಾಶಯಕ್ಕೆ ಇಟ್ಟರು. ಪೂರ್ಣಮಟ್ಟ 120 ಅಡಿ. ತುಂಬಿದರೆ 93 ಟಿಎಂಸಿಗೂ ಮಿಕ್ಕಿದ ನೀರು. ಉದ್ಯಾನದಲ್ಲಿ ಉಯ್ಯಾಲೆಗಳಿವೆ, ಉಯ್ಯಾಲೆಗಾಗಿ ಇಷ್ಟು ದೂರ ಬರಬೇಕಾಗಿಲ್ಲ.

ಎರಡನೆಯ ದಿನದ ಪಣ್ಣವಾಡಿಯೇ ಈ ಪ್ರವಾಸದ ತಿರುಳು. ಕೊಳತ್ತೂರಿಗೆ ಸಮೀಪದ ಈ ಹಿನ್ನೀರ ದಡದಲ್ಲಿ, ನೀರು ಬಹಳ ಇಳಿದ ವರ್ಷಗಳಲ್ಲಿ ಜಲಕಂಠೇಶ್ವರ ದೇವಾಲಯದ ದೊಡ್ಡ ನಂದಿಯೂ ಹಳೆಯ ಕ್ರೈಸ್ತ ದೇವಾಲಯದ ಗೋಪುರವೂ ಮೇಲೆ ಬರುತ್ತವೆ. ಮೊದಲು ನಂದಿಯ ತಲೆ, ಅನಂತರ ಭುಜ, ಕಡೆಗೆ ಕೆಸರಿನಲ್ಲಿ ಕುಳಿತ ಇಡೀ ಮೈ. ಜಲಾಶಯಕ್ಕಾಗಿ ಊರು ಬಿಟ್ಟವರು ಕಟ್ಟಡಗಳನ್ನು ಹೊತ್ತೊಯ್ಯಲಾರದೆ ಹೋದರು. ತೆರೆದ ನೆಲದಲ್ಲಿ ಸುತ್ತಲಿನ ರೈತರು ಕಡಲೆಕಾಯಿ, ಎಳ್ಳು, ರಾಗಿ ಬಿತ್ತುತ್ತಾರೆ. ಮಳೆ ಬಂದು ಹೊಲ ಮುಳುಗುವುದರೊಳಗೆ ಕೊಯ್ಲು ಮುಗಿಯಬೇಕು. ಹೀಗೆ ಬಿತ್ತುವುದೆಂದರೆ ಹೊಳೆಯೊಡನೆ ಜೂಜಾಡಿದಂತೆ.

ಆ ಊರನ್ನು ಕಣ್ಣಾರೆ ಕಂಡವರು ಇಂದು ಉಳಿದಿಲ್ಲವೆಂದೇ ಹೇಳಬೇಕು. ತಂದೆತಾಯಿಗಳಿಂದ ಕೇಳಿದವರಿಗೂ ವಯಸ್ಸಾಗಿದೆ. ಈ ಸೀಮೆಯಲ್ಲಿ ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು ಆಡುವ ಹಿರಿಯರಿದ್ದಾರೆ. ಮಕ್ಕಳು ಒಂದು ನೋಟ್‌ಬುಕ್ ಹಿಡಿದು, 'ಅಜ್ಜಾ, ಇಲ್ಲಿ ಮೊದಲು ಏನಿತ್ತು?' ಎಂದು ಕೇಳಿ ಬರೆದುಕೊಂಡರೆ ಅದಕ್ಕಿಂತ ಉತ್ತಮವಾದ ರಜೆಯ ಮನೆಗೆಲಸವಿಲ್ಲ. ಪಣ್ಣವಾಡಿಯಿಂದ ಧರ್ಮಪುರಿ ಜಿಲ್ಲೆಯ ನಾಗಮರೈಗೆ ದೋಣಿಯಲ್ಲಿ ದಾಟಬಹುದು. ರಸ್ತೆಯಲ್ಲಾದರೆ ಬಹುದೂರ ಬಳಸಬೇಕು. ಜೀವರಕ್ಷಕ ಅಂಗಿ ಕೊಡದ ದೋಣಿಯನ್ನು ಹತ್ತಬಾರದು. ಹೂಳಿನ ದಡದಲ್ಲಿ ಮಕ್ಕಳನ್ನು ಈಜಲು ಬಿಡಲೇಬಾರದು.

ಹತ್ತಿರದ ಕಾವೇರಿಪುರದ ಹೆಸರು ಇಂದು ಯಾರಿಗೂ ಅಷ್ಟಾಗಿ ತಿಳಿಯದು. ಮೈಸೂರು ಸೀಮೆಯಿಂದ ಕೆಳಕ್ಕಿಳಿಯುವ ಘಾಟಿಗೆ ಒಂದು ಕಾಲದಲ್ಲಿ ಅದೇ ಹೆಸರಿತ್ತು. 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಕೊಯಮತ್ತೂರಿನ ಕಡೆಗೆ ಇಳಿದದ್ದು ಇದೇ ದಾರಿಯಲ್ಲಿ. ಅಲ್ಲಿಂದ ಮುಂದಕ್ಕೆ ಹೋದರೆ ಪಾಲಾರು ಹೊಳೆ, ಅದರಾಚೆ ಕರ್ನಾಟಕ. ಫಲಕಗಳ ಲಿಪಿ ಅಲ್ಲಿ ಬದಲಾಗುತ್ತದೆ, ಹೊಳೆಯ ಹೆಸರು ಬದಲಾಗುವುದಿಲ್ಲ. ತಮಿಳಿನ 'ಪಾಲ್' ಹಳಗನ್ನಡದಲ್ಲಿಯೂ 'ಪಾಲ್' ಆಗಿದ್ದು ಬಳಿಕ 'ಹಾಲು' ಆಯಿತೆಂಬುದನ್ನು ವ್ಯಾಕರಣದ ತರಗತಿಗಿಂತ ಸೇತುವೆಯ ಮೇಲೆ ನಿಂತು ಹೇಳಿದರೆ ಮಗುವಿಗೆ ಬೇಗ ಹತ್ತುತ್ತದೆ. ಮುಂದಿನದು ಕಾಡಿನ ದಾರಿ. ಹೊತ್ತು ಮುಳುಗುವ ಮೊದಲೇ ಬೆಟ್ಟ ಸೇರುವುದು ಅಥವಾ ಹಿಂದಿರುಗುವುದು ಕ್ಷೇಮ.

ಹೊರಡುವ ಮುನ್ನ ದಿನಪತ್ರಿಕೆಯಲ್ಲಿ ಮೆಟ್ಟೂರಿನ ನೀರಿನ ಮಟ್ಟವನ್ನು ನೋಡಿಕೊಳ್ಳಬೇಕು. ನೂರು ಅಡಿಗೆ ಮೇಲಿದ್ದರೆ ವಿಶಾಲವಾದ ನೀರು ಸಿಕ್ಕೀತು, ನಂದಿ ಸಿಗದು. ತಂಜಾವೂರಿನ ಗದ್ದೆಗಳಿಗೆ ನೀರು ಬಿಡುವ ವಾಡಿಕೆಯ ದಿನ ಜೂನ್ 12. ಅಷ್ಟರಲ್ಲಿ ಶಾಲೆಗಳೂ ತೆರೆದಿರುತ್ತವೆ. ಕೊಡಗಿನಲ್ಲಿ ಮುಂಗಾರು ಹಿಡಿದರೆ ಕೆಲವು ವಾರಗಳಲ್ಲೇ ನಂದಿಯ ಕೊಂಬು ಮತ್ತೆ ನೀರಿನಡಿಗೆ ಹೋಗಬಹುದು. ಆದುದರಿಂದ ಮೇ ತಿಂಗಳೇ ತಕ್ಕ ಕಾಲ.