ಪಾರಂಪರಿಕ ಅಂದ್ರೆ ಗಾರೆ ಗೋಡೆ ಮಾತ್ರನಾ ಸ್ವಾಮಿ?

ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ಮೈಸೂರಿನ ದೇವರಾಜ ಮಾರುಕಟ್ಟೆಯನ್ನ ಕೆಡವಿ ಹೊಸದಾಗಿ ಕಟ್ಟಬೇಕೋ, ಇರೋದನ್ನೇ ದುರಸ್ತಿ ಮಾಡಿ ಉಳಿಸಬೇಕೋ? 2016ರ ಆಗಸ್ಟ್‌ನಲ್ಲಿ ಧನ್ವಂತರಿ ರಸ್ತೆ ಕಡೆಯ ಭಾಗ ಕುಸಿದು ಬಿದ್ದಾಗಿನಿಂದ ಈ ಊರಿನ ತಿಳಿದವರೆಲ್ಲ ಇದೊಂದೇ ಪ್ರಶ್ನೆ ಹಿಡ್ಕೊಂಡು ಜಗ್ಗಾಡ್ತಿದ್ದಾರೆ. ಒಂದು ಬಣದವರು ಕಟ್ಟಡ ಶಿಥಿಲವಾಗಿದೆ, ಜನರ ಜೀವಕ್ಕೆ ಅಪಾಯ, ಕೆಡವಿ ಅಂತಾರೆ. ಇನ್ನೊಂದು ಬಣದವರು ಇದು ನೂರು ವರ್ಷ ದಾಟಿದ ಪರಂಪರೆ, ಮೈಸೂರಿನ ಗುರುತು, ಕೈ ಹಚ್ಚಬೇಡಿ ಅಂತಾರೆ. ಎರಡೂ ಕಡೆ ತಜ್ಞರಿದ್ದಾರೆ, ವರದಿಗಳಿವೆ, ವಕೀಲರಿದ್ದಾರೆ. ಹೈಕೋರ್ಟ್ ಮೆಟ್ಟಿಲನ್ನೂ ಹತ್ತಿ ಆಯ್ತು.

ನಾನು ಕೇಳೋದು ಮೂರನೇ ಪ್ರಶ್ನೆ. ಈ ಎರಡೂ ಬಣದವರ ನಕ್ಷೆಯಲ್ಲಿ ನೆಲದ ಮೇಲೆ ಗೋಣಿತಾಟು ಹಾಸಿ ಕೂತಿರೋ ಹೆಂಗಸು ಎಲ್ಲಿದ್ದಾಳೆ?

ಮೊದಲೇ ಒಂದು ಮಾತು ಸ್ಪಷ್ಟ ಮಾಡಿಬಿಡ್ತೀನಿ. ಕಟ್ಟಡ ಬೀಳೋ ಸ್ಥಿತಿಯಲ್ಲಿದ್ರೆ ಅದನ್ನ ಸರಿ ಮಾಡಲೇಬೇಕು. ಅಲ್ಲೇ ಪಕ್ಕದ ಲ್ಯಾನ್ಸ್‌ಡೌನ್ ಕಟ್ಟಡ 2012ರಲ್ಲಿ ಕುಸಿದಾಗ ನಾಲ್ಕು ಜೀವ ಹೋಯ್ತು. ಜನರ ತಲೆ ಮೇಲೆ ಬೀಳೋ ಪರಂಪರೆ ಯಾರಿಗೂ ಬೇಡ. ದುರಸ್ತಿನೋ ಹೊಸ ಕಟ್ಟಡನೋ, ಅದನ್ನ ಎಂಜಿನಿಯರ್‌ಗಳು ಹೇಳಲಿ. ಆದ್ರೆ ಮಾರುಕಟ್ಟೆ ಯಾರದ್ದು ಅನ್ನೋದನ್ನ ಎಂಜಿನಿಯರ್ ತೀರ್ಮಾನಿಸೋಕಾಗಲ್ಲ. ಅದು ರಾಜಕೀಯ ಪ್ರಶ್ನೆ. ಈ ದೇಶದಲ್ಲಿ ಜಾಗದ ಪ್ರಶ್ನೆ ಯಾವತ್ತೂ ಜಾತಿ ಪ್ರಶ್ನೆನೇ.

ಮಾರುಕಟ್ಟೆಯನ್ನ ಒಮ್ಮೆ ಒಳಗಿಂದ ಹೊರಗೆ ನೋಡ್ಕೊಂಡು ಬನ್ನಿ. ಒಳಗೆ ಎಂಟುನೂರಕ್ಕೂ ಹೆಚ್ಚು ಮಳಿಗೆಗಳಿವೆ. ಅವಕ್ಕೆ ನಂಬರ್ ಇದೆ, ಬಾಡಿಗೆ ಕರಾರಿದೆ, ಸಂಘವಿದೆ. ಅವರ ಮಾತನ್ನ ಪಾಲಿಕೆಯೂ ಕೇಳುತ್ತೆ, ಪತ್ರಿಕೆಯೂ ಬರೆಯುತ್ತೆ. ಅವರ ಮಧ್ಯೆ ಮೂಟೆ ಹೊರೋರು, ಗಾಡಿ ತಳ್ಳೋರು, ಕೂಲಿಗೆ ಹೂ ಕಟ್ಟೋರು ಇದ್ದಾರೆ. ಅವರಿಗೆ ಕರಾರೂ ಇಲ್ಲ, ನಂಬರೂ ಇಲ್ಲ. ಇನ್ನು ಹೊರಗೆ, ಸಯ್ಯಾಜಿರಾವ್ ರಸ್ತೆ ಬದಿಯಲ್ಲಿ, ಚಿಕ್ಕಗಡಿಯಾರದ ಸುತ್ತ, ಸೊಪ್ಪಿನ ಕಟ್ಟು, ನಿಂಬೆಹಣ್ಣು, ಹೂವು ಇಟ್ಕೊಂಡು ಕೂತೋರು. ದಲಿತರು, ಹಿಂದುಳಿದವರು, ಮುಸ್ಲಿಮರು, ಅದರಲ್ಲೂ ಹೆಂಗಸರು. ಸೂರು, ಕಾಗದ, ಅಧಿಕಾರ ಮೂರೂ ಒಳಗಿಂದ ಹೊರಗೆ ಬರ್ತಾ ಬರ್ತಾ ಕಡಿಮೆ ಆಗ್ತಾ ಹೋಗುತ್ತೆ. ಹಳ್ಳಿಯಲ್ಲಿ ಊರು ಮತ್ತು ಕೇರಿ ಅಂತ ಇರುತ್ತಲ್ಲ, ಇದು ಅದರ ಪೇಟೆ ರೂಪ.

ಇದು ತಾನಾಗಿ ಆದದ್ದಲ್ಲ. ಮಾರುಕಟ್ಟೆ ಕಟ್ಟಿದ್ದು ಅರಸರ ಕಾಲದಲ್ಲಿ. ನಮ್ಮವರು ಮುಟ್ಟಿದರೆ ಮೈಲಿಗೆ ಅಂತಿದ್ದ ಕಾಲ ಅದು. ಆವತ್ತು ಮಳಿಗೆಯ ಕರಾರು ಯಾವ ಯಾವ ಜಾತಿಯ ಹೆಸರಿಗೆ ಆಗಿರಬಹುದು, ನೀವೇ ಯೋಚನೆ ಮಾಡಿ. ಕರಾರು ಅಪ್ಪನಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಹೋಗುತ್ತೆ. ನೆಲದ ಮೇಲೆ ಕೂರೋ ಜಾಗವೂ ತಾಯಿಯಿಂದ ಮಗಳಿಗೆ ಹೋಗುತ್ತೆ. ಮೊದಲನೆಯದಕ್ಕೆ ಹಕ್ಕು ಅಂತಾರೆ. ಎರಡನೆಯದಕ್ಕೆ ಒತ್ತುವರಿ ಅಂತಾರೆ!

ಮೈಸೂರಿಗೆ ನಗರ ಯೋಜನೆ ಹೊಸದೇನಲ್ಲ. 1903ರಲ್ಲೇ ಇಲ್ಲಿ ನಗರ ಸುಧಾರಣೆಗೆ ಅಂತ ಮಂಡಳಿ ಆಯ್ತು. ಅಗಲ ರಸ್ತೆ, ಉದ್ಯಾನ, ವೃತ್ತ ಎಲ್ಲಾ ಬಂತು, ಇವತ್ತಿಗೂ ಪ್ರವಾಸಿಗಳು ಬಂದು ಹೊಗಳ್ತಾರೆ. ಅದೇ ಊರಲ್ಲಿ ಇವತ್ತಿನ ಅಶೋಕಪುರಂಗೆ ಮೊದಲಿದ್ದ ಹೆಸರು ಆದಿಕರ್ನಾಟಕಪುರಂ. ಯಾರು ಎಲ್ಲಿರಬೇಕು ಅನ್ನೋದು ಬಡಾವಣೆಯ ಹೆಸರಲ್ಲೇ ಬರೆದಿತ್ತು. ಇವತ್ತಿನ ಯೋಜನೆಗಳಲ್ಲಿ ಜಾತಿಯ ಹೆಸರು ಬರೆಯಲ್ಲ. ‘ಒತ್ತುವರಿ ತೆರವು’, ‘ಪಾದಚಾರಿ ಸ್ನೇಹಿ’, ‘ಸೌಂದರ್ಯೀಕರಣ’ ಅಂತ ಬರೀತಾರೆ. ತೆರವಾಗೋರು ಯಾರು ಅಂತ ನೋಡಿದ್ರೆ ಹಳೇ ಹೆಸರು ನೆನಪಾಗುತ್ತೆ.

ಈಗ ಕಾನೂನಿಗೆ ಬನ್ನಿ. ಬೀದಿ ವ್ಯಾಪಾರಿಗಳ ಜೀವನೋಪಾಯ ಸಂರಕ್ಷಣೆಗೆ ಸಂಸತ್ತು 2014ರಲ್ಲಿ ಕಾಯ್ದೆ ಮಾಡಿದೆ. ಇದು ಯಾರೋ ದಯೆಯಿಂದ ಕೊಟ್ಟ ಭಿಕ್ಷೆ ಅಲ್ಲ, ಬೀದಿ ವ್ಯಾಪಾರಿಗಳು ವರ್ಷಗಟ್ಟಲೆ ಹೋರಾಡಿ ಪಡೆದದ್ದು. ಅದರಲ್ಲಿ ಏನಿದೆ ನೋಡಿ:

ಸಮೀಕ್ಷೆ ಮುಗಿಸಿ ಎಲ್ಲರಿಗೂ ವ್ಯಾಪಾರದ ಪ್ರಮಾಣಪತ್ರ ಕೊಡೋವರೆಗೆ ಯಾರನ್ನೂ ಎತ್ತಂಗಡಿ ಮಾಡೋ ಹಾಗಿಲ್ಲ.

ಸ್ಥಳಾಂತರ ಮಾಡಲೇಬೇಕಾದ್ರೆ 30 ದಿನದ ನೋಟಿಸ್ ಕೊಡಬೇಕು.

ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಜನ ಬೀದಿ ವ್ಯಾಪಾರಿಗಳೇ ಆರಿಸಿ ಕಳಿಸಿದ ಪ್ರತಿನಿಧಿಗಳಾಗಿರಬೇಕು. ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದವರು, ಅಲ್ಪಸಂಖ್ಯಾತರು, ಅಂಗವಿಕಲರಿಗೆ ಸೂಕ್ತ ಪ್ರಾತಿನಿಧ್ಯ ಇರಬೇಕು.

ಇನ್ನೊಂದಿದೆ, ಪರಂಪರೆ ಪ್ರೇಮಿಗಳು ಇದನ್ನ ಎರಡು ಸಲ ಓದಬೇಕು ಅಂತ ನನ್ನ ವಿನಂತಿ. ಅದೇ ಕಾಯ್ದೆಯ ಎರಡನೇ ಅನುಸೂಚಿ ಏನು ಹೇಳುತ್ತೆ ಗೊತ್ತಾ? ಕೊಳ್ಳೋರು ಮಾರೋರು ರೂಢಿಯಿಂದ ಸೇರ್ತಾ ಬಂದ ಸಹಜ ಮಾರುಕಟ್ಟೆಯಲ್ಲಿ ಬೀದಿ ವ್ಯಾಪಾರಿಗಳು 50 ವರ್ಷಕ್ಕೂ ಮೇಲ್ಪಟ್ಟು ವ್ಯಾಪಾರ ಮಾಡ್ಕೊಂಡು ಬಂದಿದ್ರೆ ಅದನ್ನ ಪಾರಂಪರಿಕ ಮಾರುಕಟ್ಟೆ ಅಂತ ಘೋಷಿಸಬೇಕು, ಅಲ್ಲಿನ ಬೀದಿ ವ್ಯಾಪಾರಿಗಳನ್ನ ಸ್ಥಳಾಂತರ ಮಾಡಬಾರದು.

ಅಂದ್ರೆ ಕಾನೂನಿನ ಕಣ್ಣಲ್ಲಿ ಪರಂಪರೆ ಅನ್ನೋದು ಕಮಾನು, ತೊಲೆ, ಗಾರೆ ಅಷ್ಟೇ ಅಲ್ಲ. ನೆಲದ ಮೇಲೆ ಕೂತ ಅಜ್ಜಿಯೂ ಪರಂಪರೆನೇ. ಅರ್ಧ ಶತಮಾನದಿಂದ ಒಂದೇ ಕಡೆ ಗುಡ್ಡೆ ಹಾಕಿ ನಿಂಬೆಹಣ್ಣು ಮಾರೋದೂ ಪರಂಪರೆನೇ. ಇಷ್ಟು ವರ್ಷದ ಚರ್ಚೆಯಲ್ಲಿ ಈ ಒಂದು ಸಾಲನ್ನ ಎಷ್ಟು ಜನ ತಜ್ಞರ ಬಾಯಲ್ಲಿ ಕೇಳಿದ್ದೀರಿ? ಮೈಸೂರು ಮಲ್ಲಿಗೆಗೆ, ಮೈಸೂರು ವೀಳ್ಯದೆಲೆಗೆ, ನಂಜನಗೂಡು ರಸಬಾಳೆಗೆ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿದೆ. ಸಂತೋಷ. ಆ ಮಲ್ಲಿಗೆಯನ್ನ ಮಾರು ಹಾಕಿ ಅಳೆದು ಕೊಡೋ ಕೈಗೆ ಕೂರೋಕೆ ಮೂರಡಿ ಜಾಗದ ಮಾನ್ಯತೆ ಇಲ್ಲ.

‘ತಾತ್ಕಾಲಿಕ ಸ್ಥಳಾಂತರ’ ಅಂತ ಒಂದು ಪದ ಇದೆಯಲ್ಲ, ಅದರ ಬಗ್ಗೆ ಎಚ್ಚರ ಇರಲಿ. ಕಾಮಗಾರಿ ಶುರುವಾದ್ರೆ ಮಳಿಗೆಯವರಿಗೆ ಎಲ್ಲೋ ಒಂದು ಕಡೆ ಶೆಡ್ ಹಾಕಿ ಕೊಡಬಹುದು. ಅವರಿಗೆ ಮರಳಿ ಬರೋ ಹಕ್ಕು ಕೇಳೋಕೆ ಕರಾರಿನ ಕಾಗದ ಇದೆ. ಕಾಗದ ಇಲ್ಲದವರಿಗೆ ತಾತ್ಕಾಲಿಕ ಅನ್ನೋದೇ ಶಾಶ್ವತ. ಊರಾಚೆ ಬಿಳಿ ಗೆರೆ ಎಳೆದು ‘ಇಲ್ಲಿ ವ್ಯಾಪಾರ ಮಾಡಿ’ ಅಂದುಬಿಟ್ರೆ ಆಯ್ತಾ? ಗಿರಾಕಿ ಗೆರೆ ನೋಡ್ಕೊಂಡು ಬರಲ್ಲ. ಸಿಟಿ ಬಸ್ ಇಳಿದು ನಡ್ಕೊಂಡು ಹೋಗುವಾಗ ಕಣ್ಣಿಗೆ ಬಿದ್ದ ಸೊಪ್ಪು ಕೊಳ್ತಾನೆ. ಬೆಳಿಗ್ಗೆ ಸಾಲ ತಂದು ಸರಕು ಹಾಕಿ, ಸಂಜೆ ಬಡ್ಡಿ ಸೇರಿಸಿ ತೀರಿಸೋ ವ್ಯಾಪಾರ ಇದು. ಒಂದು ವಾರ ಗಿರಾಕಿ ತಪ್ಪಿದ್ರೆ ಆ ಮನೆಯ ಒಲೆ ಆರುತ್ತೆ, ಸಾಲ ಮಾತ್ರ ಆರಲ್ಲ.

ಇನ್ನೊಂದು ತಮಾಷೆ ನೋಡಿ. 2020ರಲ್ಲಿ ಕೇಂದ್ರ ಸರ್ಕಾರ ಸ್ವನಿಧಿ ಯೋಜನೆ ತಂದು ಬೀದಿ ವ್ಯಾಪಾರಿಗಳಿಗೆ ಮೊದಲ ಕಂತಲ್ಲಿ 10,000 ರೂಪಾಯಿವರೆಗೆ ಸಾಲ ಕೊಡಿಸ್ತು. ಅದಕ್ಕೂ ಮೊದಲು ರಾಜ್ಯದಲ್ಲಿ ‘ಬಡವರ ಬಂಧು’ ಬಂದಿತ್ತು. ಸಾಲ ಕೊಡುವಾಗ ಇವಳು ವ್ಯಾಪಾರಿ. ನಕ್ಷೆ ಬರೆಯುವಾಗ ಇವಳೇ ಒತ್ತುವರಿ. ಇದ್ಯಾವ ನ್ಯಾಯ?

ಮಳಿಗೆಯ ಅಣ್ಣಂದಿರು ಒಂದು ಮಾತು ಹೇಳ್ತಾರೆ. ‘ನಾವು ಬಾಡಿಗೆ ಕಟ್ತೀವಿ, ತೆರಿಗೆ ಕಟ್ತೀವಿ, ಹೊರಗೆ ಕೂತೋರು ಪುಕ್ಕಟೆ ಕೂತು ನಮ್ಮ ಗಿರಾಕಿ ಕಿತ್ಕೋತಾರೆ’ ಅಂತ. ಅವರಲ್ಲೂ ಎಲ್ಲರೂ ಸಾಹುಕಾರರಲ್ಲ, ಅವರ ಭಯ ನನಗೆ ಅರ್ಥ ಆಗುತ್ತೆ. ಆದ್ರೆ ಪುಕ್ಕಟೆ ಅನ್ನೋದು ಸುಳ್ಳು. ರಸ್ತೆಯಲ್ಲಿ ಕೂತವರು ಯಾವ್ಯಾವ ಕೈಗೆ ದಿನಾ ಎಷ್ಟು ಕೊಡ್ತಾರೆ ಅಂತ ಅವರನ್ನೇ ಕೇಳಿ ನೋಡಿ, ರಸೀದಿ ಮಾತ್ರ ಕೇಳಬೇಡಿ. ಕಾಯ್ದೆಯಲ್ಲೇ ಶುಲ್ಕ ತಗೊಳ್ಳೋ ಅವಕಾಶ ಇದೆ. ಪ್ರಮಾಣಪತ್ರ ಕೊಡಿ, ರಸೀದಿ ಕೊಡಿ, ಕಟ್ತಾರೆ. ಆ ದುಡ್ಡು ಪಾಲಿಕೆ ಖಜಾನೆಗೆ ಹೋಗಲಿ.

ನಮ್ಮ ಸಂಘಟನೆಗಳ ಒಳಗೂ ಒಂದು ಪ್ರಶ್ನೆ ಬರುತ್ತೆ, ಅದನ್ನೂ ಮುಚ್ಚಿಡಲ್ಲ. ‘ನಮ್ಮ ಜನ ಇನ್ನೂ ಫುಟ್‌ಪಾತ್ ಮೇಲೇ ಕೂತಿರಬೇಕಾ? ಇದಕ್ಕಾ ಬಾಬಾಸಾಹೇಬರು ಹೋರಾಡಿದ್ದು?’ ಅಂತ ಯುವಕರು ಕೇಳ್ತಾರೆ. ಖಂಡಿತ ಅಲ್ಲ. ಫುಟ್‌ಪಾತ್ ನಮ್ಮ ಕನಸಲ್ಲ. ಆದ್ರೆ ಪೇಟೆಯ ನಡುವಿಗೆ ನಮಗೆ ತೆರೆದಿರೋ ಬಾಗಿಲು ಸದ್ಯಕ್ಕೆ ಅದೊಂದೇ. ಒಳಗೆ ಬರೋ ಬಾಗಿಲು ತೆರೆಸದೆ ಹೊರಗಿನ ಹೊಸ್ತಿಲನ್ನೂ ಕಿತ್ತು ಹಾಕೋದನ್ನ ವಿಮೋಚನೆ ಅನ್ನಲ್ಲ. ಹಾಗಾಗಿ ನಮ್ಮ ಬೇಡಿಕೆ ಎರಡೂ ಕಡೆ ಇರಬೇಕು: ಹೊರಗೆ ಕೂತವರಿಗೆ ಭದ್ರತೆ, ಒಳಗಿನ ಮಳಿಗೆಯಲ್ಲಿ ಪಾಲು.

ಪಾಲು ಅಂದಾಗ ಹರಾಜಿನ ವಿಷಯ ಬರುತ್ತೆ. ಹೊಸ ಕಟ್ಟಡ ಎದ್ದು ಮಳಿಗೆ ಹರಾಜಿಗೆ ಬಂದ್ರೆ ಠೇವಣಿ ಕಟ್ಟೋರು ಯಾರು? ಮೀಸಲು ಮಳಿಗೆ ಅಂತ ಕಾಗದದಲ್ಲಿ ಬರೆದು, ನಮ್ಮವನೊಬ್ಬನ ಹೆಸರಲ್ಲಿ ಪಡೆದು, ಗಲ್ಲಾಪೆಟ್ಟಿಗೆ ಮುಂದೆ ಬೇರೆಯವರು ಕೂರೋ ಆಟ ಎಷ್ಟು ಊರಲ್ಲಿ ನೋಡಿಲ್ಲ? ಸ್ಥಳೀಯ ಸಂಸ್ಥೆಗಳು ಪರಿಶಿಷ್ಟರ ಕಲ್ಯಾಣಕ್ಕೆ ಶೇ 24.10ರಷ್ಟು ಹಣ ಎತ್ತಿಡಬೇಕು ಅನ್ನೋ ನಿಯಮ ಇದೆ. ಆ ಹಣದಲ್ಲಿ ನಮ್ಮ ವ್ಯಾಪಾರಿಗಳ ಠೇವಣಿ ತುಂಬಲಿ. ಹೊಲಿಗೆ ಯಂತ್ರ ಹಂಚಿ ಫೋಟೋ ತೆಗೆಸ್ಕೊಂಡಿದ್ದು ಸಾಕು.

ಕೊನೆಗೆ ಕಸದ ಮಾತು, ಯಾಕಂದ್ರೆ ಎಲ್ಲಾ ಯೋಜನೆಯಲ್ಲೂ ನಮ್ಮನ್ನ ನೆನೆಸ್ಕೊಳ್ಳೋದು ಅಲ್ಲಿ ಮಾತ್ರ. 2015ರಲ್ಲಿ, 2016ರಲ್ಲಿ ಮೈಸೂರು ದೇಶದ ಸ್ವಚ್ಛ ನಗರ ಅಂತ ಮೊದಲ ಸ್ಥಾನಕ್ಕೆ ಬಂತು. ಆ ಹೆಸರು ತಂದುಕೊಟ್ಟಿದ್ದು ನಸುಕಲ್ಲೇ ಪೊರಕೆ ಹಿಡಿದ ಪೌರಕಾರ್ಮಿಕರು. ಹೊಸ ಮಾರುಕಟ್ಟೆಗೆ ನೆಲಮಾಳಿಗೆ ಪಾರ್ಕಿಂಗ್, ಕೊಳಚೆ ಶುದ್ಧೀಕರಣ ಘಟಕ ಅಂತೆಲ್ಲ ಬರೆದ್ರೆ, ಆ ತೊಟ್ಟಿಗೆ ಇಳಿಯೋರು ಯಾರು ಅಂತ ಈಗಲೇ ಕೇಳಬೇಕು. ರಕ್ಷಣೆಯಿಲ್ಲದೆ ಮನುಷ್ಯರನ್ನ ಚರಂಡಿಗೆ, ಮಲದ ಗುಂಡಿಗೆ ಇಳಿಸೋದನ್ನ 2013ರ ಕಾಯ್ದೆ ನಿಷೇಧಿಸಿದೆ. ಆದ್ರೂ ಸಾವು ನಿಂತಿಲ್ಲ. ಕಟ್ಟಡದ ನಕ್ಷೆ ಬರೆಯುವಾಗಲೇ ಯಂತ್ರಕ್ಕೆ ದಾರಿ ಬಿಡದಿದ್ರೆ ನಾಳೆ ಮನುಷ್ಯನನ್ನೇ ಇಳಿಸ್ತಾರೆ. ಅವನ ಜಾತಿ ಯಾವುದು ಅಂತ ನಾನು ಹೇಳಬೇಕಿಲ್ಲ.

ಕೆಡವೋರಿಗೂ ಉಳಿಸೋರಿಗೂ ನಮ್ಮ ಹಕ್ಕೊತ್ತಾಯ ಒಂದೇ:

1. ಒಂದು ಇಟ್ಟಿಗೆ ಮುಟ್ಟೋ ಮೊದಲು ಮಾರುಕಟ್ಟೆಯ ಒಳಗೆ, ಹೊರಗೆ ದುಡಿಯೋ ಪ್ರತಿಯೊಬ್ಬರ ಸಮೀಕ್ಷೆ ಆಗಲಿ. ಮೂಟೆ ಹೊರೋರು, ಹೂ ಕಟ್ಟೋರು, ಪೌರಕಾರ್ಮಿಕರು ಎಲ್ಲರೂ ಸೇರಲಿ. ಮಳಿಗೆ ಯಾರ ಹೆಸರಲ್ಲಿದೆ, ನಡೆಸ್ತಿರೋದು ಯಾರು ಅನ್ನೋದು ಜಾತಿವಾರು ಲೆಕ್ಕದ ಸಮೇತ ಪ್ರಕಟವಾಗಲಿ.

2. ಸುತ್ತಲಿನ ಬೀದಿ ಮಾರುಕಟ್ಟೆಯನ್ನ 2014ರ ಕಾಯ್ದೆ ಪ್ರಕಾರ ಪಾರಂಪರಿಕ ಮಾರುಕಟ್ಟೆ ಅಂತ ಘೋಷಿಸಲಿ.

3. ಯೋಜನೆಯ ಪ್ರತಿ ಸಭೆಯಲ್ಲೂ ಬೀದಿ ವ್ಯಾಪಾರಿಗಳ ಚುನಾಯಿತ ಪ್ರತಿನಿಧಿಗಳು ಕೂರಲಿ. ಕರಡು ನಕ್ಷೆ ಕನ್ನಡದಲ್ಲಿ, ಮಾರುಕಟ್ಟೆ ಬಾಗಿಲಲ್ಲೇ ತೂಗುಹಾಕಲಿ.

4. ಒಳಗಿನ ಮಳಿಗೆಗಳಲ್ಲಿ ಪರಿಶಿಷ್ಟರಿಗೆ ಪಾಲು, ಶೇ 24.10ರ ನಿಧಿಯಿಂದ ಠೇವಣಿ, ಬೇನಾಮಿ ಸಿಕ್ಕಿಬಿದ್ರೆ ಮಳಿಗೆ ವಾಪಸ್.

5. ಹೆಂಗಸರಿಗೆ ದುಡ್ಡು ಕೇಳದ ಶೌಚಾಲಯ, ಕುಡಿಯೋ ನೀರು, ಮಗು ಮಲಗಿಸೋಕೆ ಜಾಗ. ಮೊದಲ ನಕ್ಷೆಯಲ್ಲೇ.

ಜಂಬೂಸವಾರಿ ಇದೇ ಸಯ್ಯಾಜಿರಾವ್ ರಸ್ತೆಯಲ್ಲಿ ಹೋಗುತ್ತೆ. ಆ ಒಂದು ದಿನ ಮಾರುಕಟ್ಟೆಯ ಮುಂಭಾಗ ಟಿವಿಯಲ್ಲಿ ಚೆನ್ನಾಗಿ ಕಾಣಬೇಕು ಅನ್ನೋ ಚಿಂತೆ ಎಲ್ಲರಿಗೂ ಇದೆ. ಮಿಕ್ಕ 364 ದಿನ ಆ ರಸ್ತೆಯಲ್ಲಿ ಬದುಕೋರ ಚಿಂತೆ ಮಾಡೋದು ನಮ್ಮ ಕೆಲಸ. ಸಂಗಾತಿಗಳೇ, ಪಾಲಿಕೆ ಆಕ್ಷೇಪಣೆ ಕರೆದಾಗ ಸುಮ್ನೆ ಕೂರಬೇಡಿ. ನಿಮ್ಮ ಬೀದಿಯ ಸೊಪ್ಪಿನ ಅಕ್ಕನ ಜೊತೆ ಕೂತು ಅವಳ ಮಾತಲ್ಲೇ ಅರ್ಜಿ ಬರೀರಿ, ಸಹಿ ಹಾಕಿಸಿ, ಸ್ವೀಕೃತಿ ಪಡ್ಕೊಳ್ಳಿ. ಈ ಊರಿನ ಮಾರುಕಟ್ಟೆಯ ಬಗ್ಗೆ ಅವಳ ಹೆಸರಲ್ಲಿ ಒಂದು ಕಾಗದ ಸರ್ಕಾರಿ ಕಡತಕ್ಕೆ ಸೇರಲಿ.

ಜೈಭೀಮ್. ಹಂಚಿಕೊಳ್ಳಿ.